ಸ್ಕ್ವಿಡ್ ಓಡುತ್ತಿದೆ, ಆದರೆ ಎಷ್ಟು ಸಲ ಕೇಳಿದರೂ ‘ಮಿಸ್’

ಟರ್ಮಿನಲ್_ಹುಡುಗ (ಶನಿವಾರ, ರಾತ್ರಿ 10:52)

ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಹಳೇ ಲಿನಕ್ಸ್ ಯಂತ್ರವೊಂದರಲ್ಲಿ ಸ್ಕ್ವಿಡ್ ಹಾಕಿದ್ದೇನೆ (ನಡುವೆ ನಿಂತು, ಹೊರಗಿನಿಂದ ತಂದದ್ದನ್ನು ಎತ್ತಿಟ್ಟುಕೊಂಡು ಮತ್ತೆ ಕೊಡುವ ಕ್ಯಾಶ್ ಪ್ರಾಕ್ಸಿ). ಆಸೆ ದೊಡ್ಡದೇನಲ್ಲ. ಹದಿನೈದು ಯಂತ್ರಗಳು ಅದೇ ಅಪ್‌ಡೇಟ್ ಪ್ಯಾಕೇಜ್‌ಗಳನ್ನು ಹದಿನೈದು ಸಲ ಇಳಿಸಿಕೊಳ್ಳುತ್ತವೆ. ಒಂದು ಸಲ ಬಂದದ್ದು ಮಿಕ್ಕ ಹದಿನಾಲ್ಕಕ್ಕೂ ಇಲ್ಲಿಂದಲೇ ಸಿಗಲಿ ಅಂತ. ಕಾನ್ಫಿಗ್ ಫೈಲನ್ನು ಜಾಸ್ತಿ ಮುಟ್ಟಿಲ್ಲ. ಪೋರ್ಟ್ 3128 ತೆರೆದಿದೆ, ಉತ್ತರವೂ ಬರುತ್ತಿದೆ. ಆದರೆ ಹತ್ತು ಸಲ ಕೇಳಿದರೆ ಹತ್ತು ಸಲವೂ ‘ಎಕ್ಸ್-ಕ್ಯಾಶ್: ಮಿಸ್’, ಅಂದರೆ ಎತ್ತಿಟ್ಟದ್ದರಲ್ಲಿ ಸಿಗಲಿಲ್ಲ ಅಂತ. ಸಿಕ್ಕಿದ್ದರೆ ‘ಹಿಟ್’ ಅನ್ನಬೇಕು.

ನಾನು ಪರೀಕ್ಷೆ ಮಾಡುವ ಕಮಾಂಡ್ ಇದು (ಕರ್ಲ್ ಅಂದರೆ ಟರ್ಮಿನಲ್‌ನಿಂದಲೇ ವೆಬ್ ವಿಳಾಸ ಕೇಳುವ ಸಾಧನ; ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ, ಟೈಪ್ ಮಾಡುವುದು ಇಂಗ್ಲಿಷಿನಲ್ಲೇ):

`ಕರ್ಲ್ -ಐ -ಎಕ್ಸ್ ಲೋಕಲ್‌ಹೋಸ್ಟ್:3128 ಪ್ಯಾಕೇಜಿನ-ವಿಳಾಸ`

ಐ ದೊಡ್ಡಕ್ಷರ, ಎಕ್ಸ್ ಸಣ್ಣಕ್ಷರ. ಒಂದೇ ಒಂದು ಸಲ ‘ಹಿಟ್’ ಅಂತ ಕಂಡರೆ ನೆಮ್ಮದಿಯಾಗಿ ನಿದ್ದೆ ಮಾಡುತ್ತೇನೆ.

ಬಿಟ್‌ಬುಟ್ಟಿ (ಶನಿವಾರ, ರಾತ್ರಿ 11:05)

ಕಾನ್ಫಿಗ್ ಫೈಲಿನಲ್ಲಿ ‘ಕ್ಯಾಶ್_ಡಿರ್’ ಅನ್ನುವ ಸಾಲು ಹುಡುಕಿ. ಮುಂದೆ # ಇರುತ್ತದೆ (# ಇದ್ದರೆ ಆ ಸಾಲು ಲೆಕ್ಕಕ್ಕಿಲ್ಲ). ಅಂದರೆ ಡಿಸ್ಕ್ ಕ್ಯಾಶ್ ಇಲ್ಲವೇ ಇಲ್ಲ. # ತೆಗೆದು ರೀಸ್ಟಾರ್ಟ್ ಮಾಡಿ, ಮುಗೀತು.

ರಾತ್ರಿಪಾಳಿ (ಶನಿವಾರ, ರಾತ್ರಿ 11:31)

ಬಿಟ್‌ಬುಟ್ಟಿ ಹೇಳಿದ್ದು ಪೂರ್ತಿ ತಪ್ಪಲ್ಲ, ಆದರೆ ಮುಗಿಯುವುದಿಲ್ಲ. ಕ್ಯಾಶ್_ಡಿರ್ ಇಲ್ಲದಿದ್ದರೂ ಸ್ಕ್ವಿಡ್ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ‘ಕ್ಯಾಶ್_ಮೆಮ್’ ಅಂತ ಏನೂ ಬರೆಯದಿದ್ದರೆ 256 ಎಂಬಿ. ಚಿಕ್ಕ ಫೈಲಾದರೆ ಹಿಟ್ ಸಿಗಲೇಬೇಕು.

ಹುಡುಗರೇ, ನಿಮ್ಮ ಕಮಾಂಡಿನಲ್ಲೇ ಎಡವಟ್ಟಿದೆ. ಕರ್ಲ್‌ಗೆ ದೊಡ್ಡಕ್ಷರದ -ಐ ಕೊಟ್ಟರೆ ಅದು ‘ಗೆಟ್’ ಕಳಿಸುವುದಿಲ್ಲ, ‘ಹೆಡ್’ ಕಳಿಸುತ್ತದೆ. ಹೆಡ್ ಅಂದರೆ ಬರೀ ಹೆಡರ್ ಕೊಡು, ಒಳಗಿನ ಸರಕು ಬೇಡ ಅಂತ. ಸರಕೇ ಬರದಿದ್ದರೆ ಸ್ಕ್ವಿಡ್ ಏನನ್ನು ಎತ್ತಿಡಬೇಕು? ಹತ್ತು ಸಲ ಬರಿಗೈಯಲ್ಲಿ ಕಳಿಸಿದ್ದೀರಿ, ಅದೂ ಹತ್ತು ಸಲ ಬರಿಗೈಯಲ್ಲಿ ಬಂದಿದೆ.

ಹೀಗೆ ಮಾಡಿ:

`ಕರ್ಲ್ -ಎಸ್ -ಓ /ಡೆವ್/ನಲ್ -ಡಿ - -ಎಕ್ಸ್ ಲೋಕಲ್‌ಹೋಸ್ಟ್:3128 ವಿಳಾಸ`

ಇಲ್ಲಿ ಡಿ ಮಾತ್ರ ದೊಡ್ಡಕ್ಷರ. ಫೈಲ್ ಪೂರ್ತಿ ಬರುತ್ತದೆ, ಕಸದ ಬುಟ್ಟಿಗೆ ಹೋಗುತ್ತದೆ, ಹೆಡರ್ ಮಾತ್ರ ಪರದೆ ಮೇಲೆ ಕಾಣುತ್ತದೆ. ಎರಡು ಸಲ ಓಡಿಸಿ ನೋಡಿ. ಗೆಟ್‌ನಲ್ಲಿ ಒಮ್ಮೆ ಒಳಗೆ ಬಂದ ಮೇಲೆ ಬೇಕಾದರೆ -ಐ ಹಾಕಿ, ಆಗ ಅದಕ್ಕೂ ಹಿಟ್ ಬರುತ್ತದೆ.

ಅಂದಹಾಗೆ ಹೊಸ ಆವೃತ್ತಿಗಳಲ್ಲಿ ಎಕ್ಸ್-ಕ್ಯಾಶ್ ಬದಲು ‘ಕ್ಯಾಶ್-ಸ್ಟೇಟಸ್’ ಅನ್ನುವ ಹೆಡರ್ ಬರುತ್ತದೆ. 2022ರಲ್ಲಿ ಅದಕ್ಕೆ ಆರ್‌ಎಫ್‌ಸಿ 9211 ಅಂತ ಮಾನಕವೇ ಬಂದಿದೆ. ಕಾಣಲಿಲ್ಲ ಅಂತ ಗಾಬರಿ ಬೀಳಬೇಡಿ.

ಹಳೇಕೀಬೋರ್ಡ್ (ಭಾನುವಾರ, ಬೆಳಿಗ್ಗೆ 6:20)

ರಾತ್ರಿಪಾಳಿ ಮೇಡಂ ಸರಿಯಾದ ಜಾಗಕ್ಕೇ ಕೈ ಹಾಕಿದ್ದಾರೆ. ನನ್ನದು ಒಂದು ಮಾತು ಸೇರಿಸುತ್ತೇನೆ. ಹೊರಗಿನ ಯಾವುದೋ ಸರ್ವರ್ ಇಟ್ಟುಕೊಂಡು ಕ್ಯಾಶ್ ಪರೀಕ್ಷೆ ಮಾಡಬೇಡಿ. ಆ ಸರ್ವರ್ ಏನು ಹೆಡರ್ ಕಳಿಸುತ್ತದೋ, ನಡುವೆ ಇನ್ನೊಂದು ಕ್ಯಾಶ್ ಕೂತಿದೆಯೋ, ಯಾರಿಗೆ ಗೊತ್ತು. ಎರಡು ತುದಿಯೂ ನಮ್ಮ ಕೈಯಲ್ಲೇ ಇರಬೇಕು.

ನಾನು ಮೂರು ಟರ್ಮಿನಲ್ ತೆರೆಯುತ್ತೇನೆ.

ಮೊದಲನೆಯದರಲ್ಲಿ ಮೂಲ ಸರ್ವರ್. ಒಂದು ಖಾಲಿ ಫೋಲ್ಡರಿನಲ್ಲಿ ‘ಎ.ಟಿಎಕ್ಸ್‌ಟಿ’ ಅಂತ ಚಿಕ್ಕ ಫೈಲ್ ಇಟ್ಟು, ಅಲ್ಲೇ `ಪೈಥಾನ್3 -ಎಂ ಎಚ್‌ಟಿಟಿಪಿ.ಸರ್ವರ್ 8000`. ಅಷ್ಟೇ. ಯಾರಾದರೂ ಬಂದು ಕೇಳಿದರೆ ಅದು ಪರದೆ ಮೇಲೆ ಒಂದು ಸಾಲು ಬರೆಯುತ್ತದೆ. ಈ ಸಾಲೇ ನಮಗೆ ಮುಖ್ಯ.

ಎರಡನೆಯದರಲ್ಲಿ ಸ್ಕ್ವಿಡ್. ಸಿಸ್ಟಮ್‌ನ ಸರ್ವಿಸ್ ಮುಟ್ಟಬೇಡಿ. ನಿಮ್ಮದೇ ಫೋಲ್ಡರಿನಲ್ಲಿ ‘ಟೆಸ್ಟ್.ಕಾನ್ಫ್’ ಬರೆಯಿರಿ. ಪೋರ್ಟ್ 3129, ಲೋಕಲ್‌ಹೋಸ್ಟ್‌ಗೆ ಅನುಮತಿ, ಉಳಿದವರಿಗೆಲ್ಲ ಇಲ್ಲ. ಆಕ್ಸೆಸ್ ಲಾಗ್, ಕ್ಯಾಶ್ ಲಾಗ್, ಪಿಡ್ ಫೈಲ್ (ಓಡುತ್ತಿರುವ ಸ್ಕ್ವಿಡ್‌ನ ಸಂಖ್ಯೆ ಬರೆದಿಡುವ ಫೈಲ್) ಮೂರಕ್ಕೂ ನಿಮ್ಮ ಫೋಲ್ಡರಿನ ದಾರಿ ಕೊಡಿ. ಪಿಡ್ ಫೈಲ್ ಮರೆತರೆ ‘ಆಗಲೇ ಒಂದು ಸ್ಕ್ವಿಡ್ ಓಡುತ್ತಿದೆ’ ಅಂತ ಜಗಳಕ್ಕೆ ಬರುತ್ತದೆ. ಆಮೇಲೆ:

`ಸ್ಕ್ವಿಡ್ -ಕೆ ಪಾರ್ಸ್ -ಎಫ್ ಟೆಸ್ಟ್.ಕಾನ್ಫ್`
`ಸ್ಕ್ವಿಡ್ -ಎನ್ -ಡಿ1 -ಎಫ್ ಟೆಸ್ಟ್.ಕಾನ್ಫ್`

ಮೊದಲನೆಯದು ಕಾನ್ಫಿಗ್ ಓದಿ ತಪ್ಪಿದ್ದರೆ ಹೇಳುತ್ತದೆ. ತಪ್ಪಿದ್ದರೆ ‘ಬಂಗಲ್ಡ್’ ಅಂತ ಬೈದು, ಎಷ್ಟನೇ ಸಾಲು ಅಂತಲೂ ತೋರಿಸುತ್ತದೆ. ಇಷ್ಟು ಮುಖಕ್ಕೆ ಹೊಡೆದಂತೆ ಮಾತಾಡುವ ಪ್ರೋಗ್ರಾಂ ಕಡಿಮೆ. ಎರಡನೆಯದರಲ್ಲಿ ಎನ್ ದೊಡ್ಡಕ್ಷರ. ಅದು ಹಾಕಿದರೆ ಸ್ಕ್ವಿಡ್ ಹಿನ್ನೆಲೆಗೆ ಸರಿಯದೆ ಕಣ್ಣೆದುರೇ ಕೂರುತ್ತದೆ. -ಡಿ1 ಅಂದರೆ ಮುಖ್ಯ ಸಂದೇಶಗಳನ್ನು ಪರದೆಗೂ ಕಳಿಸು ಅಂತ. 3129ರಲ್ಲಿ ಕೇಳಿಸಿಕೊಳ್ಳುತ್ತಿದ್ದೇನೆ ಅನ್ನುವ ಸಾಲು ಬರುವ ತನಕ ಕಾಯಿರಿ. ನಿಲ್ಲಿಸಲು ಕಂಟ್ರೋಲ್-ಸಿ ಸಾಕು.

ಮೂರನೆಯದರಲ್ಲಿ ಮೇಡಂ ಕೊಟ್ಟ ಕರ್ಲ್, ಪೋರ್ಟ್ ಮಾತ್ರ 3129. ಎರಡು ಸಲ ಓಡಿಸಿ. ಮೊದಲ ಸಲ ಪೈಥಾನ್ ಪರದೆಯಲ್ಲಿ ಒಂದು ಸಾಲು ಬೀಳುತ್ತದೆ. ಎರಡನೇ ಸಲ ಬೀಳಬಾರದು. ಹೆಡರ್ ಏನು ಬೇಕಾದರೂ ಹೇಳಲಿ, ಮೂಲ ಸರ್ವರ್ ಸುಮ್ಮನಿದ್ದರೆ ಮಾತ್ರ ಅದು ಹಿಟ್ ಅಂತ ನಾನು ನಂಬುವುದು.

ಟರ್ಮಿನಲ್_ಹುಡುಗ (ಭಾನುವಾರ, ಬೆಳಿಗ್ಗೆ 9:48)

ಮೇಡಂ, ಹೆಡ್ ವಿಷಯ ಓದಿ ತಲೆ ಚಚ್ಚಿಕೊಂಡೆ. ಎರಡು ದಿನ!

ಕೀಬೋರ್ಡ್ ಸರ್, ನೀವು ಹೇಳಿದ ಹಾಗೇ ಮೂರು ಟರ್ಮಿನಲ್ ಮಾಡಿದೆ. ಮೊದಲು ಒಂದು ವಿಚಿತ್ರ. ಪೈಥಾನ್ ಪರದೆಯಲ್ಲಿ ಪ್ರತಿ ಸಲ ಸಾಲು ಬೀಳುತ್ತಿತ್ತು, ಸ್ಕ್ವಿಡ್‌ನ ಆಕ್ಸೆಸ್ ಲಾಗಿನಲ್ಲಿ ಮಾತ್ರ ಒಂದು ಅಕ್ಷರವೂ ಇಲ್ಲ. ಅರ್ಧ ಗಂಟೆ ಆದ ಮೇಲೆ ಹೊಳೆಯಿತು: ನನ್ನ ಶೆಲ್‌ನಲ್ಲಿ ‘ನೋ_ಪ್ರಾಕ್ಸಿ’ ಅನ್ನುವ ವೇರಿಯಬಲ್‌ಗೆ ಲೋಕಲ್‌ಹೋಸ್ಟ್ ಅಂತ ಯಾವಾಗಲೋ ಕೊಟ್ಟಿದ್ದೆ. -ಎಕ್ಸ್ ಕೊಟ್ಟರೂ ಕರ್ಲ್ ಆ ಮಾತಿಗೆ ಬೆಲೆ ಕೊಟ್ಟು ಪ್ರಾಕ್ಸಿ ಬಿಟ್ಟು ನೇರ ಹೋಗುತ್ತಿತ್ತು. ಅದನ್ನು ಅನ್‌ಸೆಟ್ ಮಾಡಿದೆ.

ಈಗ ಲಾಗ್ ಬರುತ್ತಿದೆ. ಮೊದಲ ಸಲ ‘ಟಿಸಿಪಿ_ಮಿಸ್/200’. ಎರಡನೇ ಸಲ ಹಿಟ್ಟೂ ಅಲ್ಲ ಮಿಸ್ಸೂ ಅಲ್ಲ, ‘ಟಿಸಿಪಿ_ರಿಫ್ರೆಶ್_ಅನ್‌ಮಾಡಿಫೈಡ್/200’. ಪೈಥಾನ್ ಪರದೆಯಲ್ಲಿ 304 ಅಂತ ಒಂದು ಸಾಲು. ಇದೇನು ಹೊಸ ಪ್ರಾಣಿ?

ರಾತ್ರಿಪಾಳಿ (ಭಾನುವಾರ, ಬೆಳಿಗ್ಗೆ 10:15)

ಒಳ್ಳೆಯ ಪ್ರಾಣಿಯೇ. ಸ್ಕ್ವಿಡ್ ಫೈಲನ್ನು ಇಟ್ಟುಕೊಂಡಿದೆ, ಆದರೆ ‘ಇದು ಹಳಸಿರಬಹುದು’ ಅಂತ ಅನುಮಾನ ಬಂದು ಮೂಲ ಸರ್ವರನ್ನು ಒಂದು ಮಾತು ಕೇಳಿದೆ. ಅದು ‘ಬದಲಾಗಿಲ್ಲ, ನಿನ್ನ ಹತ್ತಿರ ಇರುವುದನ್ನೇ ಕೊಡು’ ಅಂತ 304 ಕಳಿಸಿದೆ.

ಅನುಮಾನ ಯಾಕೆ ಬಂತು? ಪೈಥಾನ್‌ನ ಆ ಚಿಕ್ಕ ಸರ್ವರ್ ‘ಇಷ್ಟು ಹೊತ್ತು ಇಟ್ಟುಕೋ’ ಅಂತ ಹೇಳುವುದಿಲ್ಲ. ಫೈಲ್ ಕೊನೆಗೆ ಯಾವಾಗ ಬದಲಾಯಿತು ಅಂತ ಮಾತ್ರ ಹೇಳುತ್ತದೆ. ಆಗ ಸ್ಕ್ವಿಡ್ ತಾನೇ ಲೆಕ್ಕ ಹಾಕುತ್ತದೆ. ಮಾಮೂಲಿ ನಿಯಮ ‘ರಿಫ್ರೆಶ್_ಪ್ಯಾಟರ್ನ್ . 0 20% 4320’. ಫೈಲಿಗೆ ಎಷ್ಟು ವಯಸ್ಸಾಗಿದೆಯೋ ಅದರ 20% ಹೊತ್ತು ತಾಜಾ, ಆದರೆ 4320 ನಿಮಿಷ, ಅಂದರೆ ಮೂರು ದಿನ, ಮೀರುವಂತಿಲ್ಲ. ಹತ್ತು ದಿನದ ಹಳೇ ಫೈಲಾದರೆ ಎರಡು ದಿನ ತಾಜಾ. ನಿಮ್ಮದು ಆಗಷ್ಟೇ ಹುಟ್ಟಿದ ಫೈಲು. ಒಂದು ನಿಮಿಷದ ಮಗುವಿಗೆ ಹನ್ನೆರಡು ಸೆಕೆಂಡ್ ಸಿಗುತ್ತದೆ, ಅಷ್ಟೇ.

ಹಾಗಾಗಿ ಫೈಲಿಗೆ ವಯಸ್ಸು ಮಾಡಿಸಿ:

`ಟಚ್ -ಡಿ "10 ಡೇಸ್ ಅಗೋ" ಎ.ಟಿಎಕ್ಸ್‌ಟಿ`

ಸ್ಕ್ವಿಡ್ ನಿಲ್ಲಿಸಿ ಮತ್ತೆ ಶುರು ಮಾಡಿ (ಮೆಮೊರಿ ಖಾಲಿಯಾಗುತ್ತದೆ), ಎರಡು ಸಲ ಕೇಳಿ.

ಟರ್ಮಿನಲ್_ಹುಡುಗ (ಭಾನುವಾರ, ಬೆಳಿಗ್ಗೆ 10:27)

‘ಟಿಸಿಪಿ_ಮೆಮ್_ಹಿಟ್/200’!!! ಪೈಥಾನ್ ಪರದೆ ಗಪ್‌ಚುಪ್. ಐದು ಸಲ ಕೇಳಿದೆ, ಐದು ಸಲವೂ ಅದು ಬಾಯಿ ಬಿಡಲಿಲ್ಲ.

ಸುಮ್ನೆ_ಓದುಗ (ಭಾನುವಾರ, ಬೆಳಿಗ್ಗೆ 11:02)

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನನ್ನ ಸ್ಕ್ವಿಡ್‌ನಲ್ಲಿ ಎಲ್ಲಾ ಸಾಲೂ ‘ಟಿಸಿಪಿ_ಟನಲ್/200’ ಅಂತಲೇ ಇದೆ. ಬ್ರೌಸರ್‌ನಲ್ಲೇ ಪರೀಕ್ಷೆ ಮಾಡುತ್ತಿದ್ದೇನೆ. ಹಿಟ್ ಯಾವಾಗ ಬರುತ್ತೆ?

ಹಳೇಕೀಬೋರ್ಡ್ (ಭಾನುವಾರ, ಬೆಳಿಗ್ಗೆ 11:20)

ಬರುವುದಿಲ್ಲ. ನೀವು ನೋಡುತ್ತಿರುವುದೆಲ್ಲ ಎಚ್‌ಟಿಟಿಪಿಎಸ್, ಅಂದರೆ ಗೂಢಲಿಪಿಯಲ್ಲಿ ಹೋಗುವಂಥದ್ದು. ಬ್ರೌಸರ್ ‘ಕನೆಕ್ಟ್’ ಅಂತ ಹೇಳಿ ಸ್ಕ್ವಿಡ್ ಮೂಲಕ ಒಂದು ಕೊಳವೆ ಹಾಕಿಕೊಳ್ಳುತ್ತದೆ, ಒಳಗೆ ಹರಿಯುವುದು ಸ್ಕ್ವಿಡ್‌ಗೆ ಕಾಣುವುದಿಲ್ಲ. ಕಾಣದ್ದನ್ನು ಎತ್ತಿಡುವುದು ಹೇಗೆ? ಆ ಕೊಳವೆಯನ್ನು ನಡುವೆಯೇ ಬಿಚ್ಚಿ ನೋಡುವ ‘ಎಸ್‌ಎಸ್‌ಎಲ್_ಬಂಪ್’ ಅಂತ ದಾರಿ ಇದೆ. ಆದರೆ ಎಲ್ಲಾ ಯಂತ್ರಗಳಲ್ಲೂ ನಿಮ್ಮ ಪ್ರಮಾಣಪತ್ರ ನಂಬಿಸಬೇಕು, ಬಳಸುವವರ ಗುಟ್ಟೆಲ್ಲ ನಿಮ್ಮ ಕಣ್ಣಿಗೆ ಬೀಳುತ್ತದೆ. ಬರೀ ಕ್ಯಾಶ್ ಆಸೆಗೆ ನಾನಂತೂ ಅದನ್ನು ಮಾಡುವುದಿಲ್ಲ. ಹುಡುಗನ ಪ್ಯಾಕೇಜ್‌ಗಳು ಬರೀ ಎಚ್‌ಟಿಟಿಪಿಯಲ್ಲಿ ಬರುತ್ತಿವೆ, ಅವನ್ನು ಸಹಿ ನೋಡಿಯೇ ಇನ್‌ಸ್ಟಾಲ್ ಮಾಡುತ್ತಾರೆ. ಅದಕ್ಕೇ ಅವರಿಗೆ ಇದು ಸರಿಹೋಗುತ್ತದೆ.

ಇನ್ನೊಂದು, ಬ್ರೌಸರ್‌ನಲ್ಲಿ ಪರೀಕ್ಷೆ ಬೇಡ. ಅದಕ್ಕೆ ಅದರದೇ ಕ್ಯಾಶ್ ಇದೆ. ರೀಲೋಡ್ ಒತ್ತಿದರೆ ‘ಹೊಸದೇ ತಾ’ ಅಂತ ಹಟ ಮಾಡುವ ಹೆಡರ್ ಬೇರೆ ಸೇರಿಸುತ್ತದೆ.

ಟರ್ಮಿನಲ್_ಹುಡುಗ (ಭಾನುವಾರ, ಸಂಜೆ 5:40)

ಸಂತೋಷ ಜಾಸ್ತಿ ಹೊತ್ತು ಉಳಿಯಲಿಲ್ಲ. ಚಿಕ್ಕ ಫೈಲಿಗೆ ಹಿಟ್. ನಿಜವಾದ ಪ್ಯಾಕೇಜಿಗೆ, ಗೆಟ್‌ನಲ್ಲೇ ಕೇಳಿದರೂ, ಮತ್ತೆ ಮಿಸ್. ಫೈಲ್ ಸುಮಾರು 60 ಎಂಬಿ ಇದೆ.

ಬಿಟ್‌ಬುಟ್ಟಿ (ಭಾನುವಾರ, ಸಂಜೆ 5:55)

ಈಗಲಾದರೂ ಕ್ಯಾಶ್_ಡಿರ್ ಅಂತ ಹೇಳಬಹುದಾ? 🙂

ರಾತ್ರಿಪಾಳಿ (ಭಾನುವಾರ, ರಾತ್ರಿ 8:10)

ಈಗ ಹೇಳಬಹುದು! ಮೆಮೊರಿಯಲ್ಲಿ ಇಡುವ ಒಂದೊಂದು ವಸ್ತುವಿಗೂ 512 ಕೆಬಿ ಮಿತಿ ಇದೆ, ನಾವು ಬದಲಾಯಿಸದಿದ್ದರೆ. 60 ಎಂಬಿ ಅಲ್ಲಿ ಕೂರುವುದಿಲ್ಲ, ಡಿಸ್ಕ್ ಬೇಕೇ ಬೇಕು. ಆದರೆ ಕ್ಯಾಶ್_ಡಿರ್ ಸಾಲಿನ # ತೆಗೆದರೂ ಇನ್ನೊಂದು ಗೋಡೆ ಇದೆ: ‘ಮ್ಯಾಕ್ಸಿಮಮ್_ಆಬ್ಜೆಕ್ಟ್_ಸೈಜ್’. ಏನೂ ಬರೆಯದಿದ್ದರೆ 4 ಎಂಬಿ. ಅದನ್ನು 512 ಎಂಬಿ ಮಾಡಿ, ಕ್ಯಾಶ್_ಡಿರ್ ಸಾಲಿಗಿಂತ ಮೇಲೆ ಬರೆಯಿರಿ. ಕೆಳಗೆ ಬರೆದು, ಯಾಕೆ ಕೆಲಸ ಮಾಡುತ್ತಿಲ್ಲ ಅಂತ ಒಂದು ರಾತ್ರಿ ಪೂರ್ತಿ ಕಳೆದವಳು ನಾನು.

`ಕ್ಯಾಶ್_ಡಿರ್ ಯುಎಫ್‌ಎಸ್ /ಕ್ಯಾಶ್ 20000 16 256`

20000 ಅಂದರೆ ಎಂಬಿ, ಅಂದರೆ ಸುಮಾರು 20 ಜಿಬಿ. 16 ಮೇಲಿನ ಫೋಲ್ಡರ್, ಪ್ರತಿಯೊಂದರಲ್ಲೂ 256. ಈ ಫೋಲ್ಡರುಗಳನ್ನು ಕಟ್ಟಲು ಸ್ಕ್ವಿಡ್ ನಿಲ್ಲಿಸಿ `ಸ್ಕ್ವಿಡ್ -ಎನ್ -ಝಡ್` (ಝಡ್ ಸಣ್ಣಕ್ಷರ) ಓಡಿಸಿ. ಯಂತ್ರದ ರ‍್ಯಾಮ್ ಎಷ್ಟು?

ಟರ್ಮಿನಲ್_ಹುಡುಗ (ಭಾನುವಾರ, ರಾತ್ರಿ 8:32)

2 ಜಿಬಿ. ಡಿಸ್ಕ್ ಬೇಕಾದಷ್ಟಿದೆ, 100 ಜಿಬಿ ಕೊಟ್ಟುಬಿಡಲಾ? ಆಮೇಲೆ -ಝಡ್ ಓಡಿಸಿದರೆ ‘ಪರ್ಮಿಷನ್ ಡಿನೈಡ್’ ಅಂತ ಸತ್ತಿತು. ರೂಟ್ ಆಗಿಯೇ ಓಡಿಸಿದ್ದು!

ಹಳೇಕೀಬೋರ್ಡ್ (ಭಾನುವಾರ, ರಾತ್ರಿ 9:01)

ರೂಟ್ ಆಗಿ ಶುರು ಮಾಡಿದರೂ ಸ್ಕ್ವಿಡ್ ಅಧಿಕಾರ ಕಳಚಿ ಸಾದಾ ಬಳಕೆದಾರನಾಗುತ್ತದೆ. ಡೆಬಿಯನ್ ಕಡೆಯ ಯಂತ್ರಗಳಲ್ಲಿ ಅವನ ಹೆಸರು ‘ಪ್ರಾಕ್ಸಿ’, ರೆಡ್ ಹ್ಯಾಟ್ ಕಡೆ ‘ಸ್ಕ್ವಿಡ್’. ಫೋಲ್ಡರನ್ನು ನೀವು ರೂಟ್ ಹೆಸರಲ್ಲಿ ಮಾಡಿದ್ದೀರಿ, ಅವನಿಗೆ ಒಳಗೆ ಬರೆಯಲು ಬಿಡುತ್ತಿಲ್ಲ. ಚೌನ್ (ಒಡೆತನ ಬದಲಿಸುವ ಕಮಾಂಡ್) ಮಾಡಿ ಅವನಿಗೆ ಒಪ್ಪಿಸಿ.

100 ಜಿಬಿ ಬೇಡ. ಡಿಸ್ಕಿನಲ್ಲಿ ಏನಿದೆ ಅನ್ನುವ ಸೂಚಿಯನ್ನು ಸ್ಕ್ವಿಡ್ ರ‍್ಯಾಮ್‌ನಲ್ಲಿ ಇಟ್ಟುಕೊಳ್ಳುತ್ತದೆ. 64 ಬಿಟ್ ಯಂತ್ರದಲ್ಲಿ ಡಿಸ್ಕಿನ ಪ್ರತಿ ಜಿಬಿಗೆ ಸುಮಾರು 14 ಎಂಬಿ ಅಂತ ಲೆಕ್ಕ. 100 ಜಿಬಿಗೆ 1.4 ಜಿಬಿ ಸೂಚಿಗೇ ಹೋಯಿತು. ಅದರ ಮೇಲೆ ಕ್ಯಾಶ್_ಮೆಮ್‌ನ 256. ರ‍್ಯಾಮ್ ಸಾಲದೆ ಯಂತ್ರ ಡಿಸ್ಕಿನ ಸ್ವಾಪ್‌ಗೆ ಇಳಿದರೆ ಕ್ಯಾಶ್ ಇಲ್ಲದಿದ್ದರೇ ವಾಸಿ ಅನ್ನಿಸುತ್ತದೆ. ನಿಮ್ಮವು ದೊಡ್ಡ ದೊಡ್ಡ ಫೈಲುಗಳು, ಅಷ್ಟು ತಿನ್ನಲಿಕ್ಕಿಲ್ಲ. ಆದರೂ 20ರಲ್ಲಿ ಶುರು ಮಾಡಿ.

ಒಂದು ಎಚ್ಚರಿಕೆ. ಪರೀಕ್ಷೆಗೆ ಅಂತ ಕ್ಯಾಶ್ ಖಾಲಿ ಮಾಡಬೇಕು ಅನ್ನಿಸಿದರೆ, ಸ್ಕ್ವಿಡ್ ಓಡುತ್ತಿರುವಾಗ ಫೋಲ್ಡರ್ ಅಳಿಸಬೇಡಿ. ನಾನು ಒಮ್ಮೆ ಮಾಡಿದ್ದೇನೆ. ಸೂಚಿ ರ‍್ಯಾಮ್‌ನಲ್ಲಿ ಹಾಗೇ ಇತ್ತು, ಫೈಲು ಇರಲಿಲ್ಲ. ಲಾಗ್ ತುಂಬ ‘ಟಿಸಿಪಿ_ಸ್ವಾಪ್‌ಫೇಲ್_ಮಿಸ್’. ‘ಇದೆ ಅಂದುಕೊಂಡೆ, ಹೋಗಿ ನೋಡಿದರೆ ಇಲ್ಲ’ ಅಂತ ಅದರ ಅರ್ಥ. ಪಾಪ. ನಿಲ್ಲಿಸಿ, ಅಳಿಸಿ, ಮತ್ತೆ -ಝಡ್, ಆಮೇಲೆ ಶುರು.

ಸುಮ್ನೆ_ಓದುಗ (ಭಾನುವಾರ, ರಾತ್ರಿ 9:30)

ನಿಲ್ಲಿಸೋದೇ ಕಷ್ಟ ಸರ್. `ಸ್ಕ್ವಿಡ್ -ಕೆ ಶಟ್‌ಡೌನ್` ಕೊಟ್ಟು ತಕ್ಷಣ ಶುರು ಮಾಡಿದರೆ ‘ಆಗಲೇ ಓಡುತ್ತಿದೆ’ ಅನ್ನುತ್ತೆ.

ರಾತ್ರಿಪಾಳಿ (ಭಾನುವಾರ, ರಾತ್ರಿ 9:44)

ಅದು ಮರ್ಯಾದಸ್ಥ. ಒಳಗಿರುವ ಗಿರಾಕಿಗಳು ಕೆಲಸ ಮುಗಿಸಲಿ ಅಂತ 30 ಸೆಕೆಂಡ್ ಕಾಯುತ್ತದೆ. ಟೆಸ್ಟ್ ಕಾನ್ಫಿಗ್‌ನಲ್ಲಿ ‘ಶಟ್‌ಡೌನ್_ಲೈಫ್‌ಟೈಮ್ 1 ಸೆಕೆಂಡ್ಸ್’ ಅಂತ ಹಾಕಿಕೊಳ್ಳಿ. ಕಾನ್ಫಿಗ್ ಮಾತ್ರ ಬದಲಾಯಿಸಿದ್ದರೆ ನಿಲ್ಲಿಸುವುದೇ ಬೇಡ, `-ಕೆ ಪಾರ್ಸ್` ಮಾಡಿ ಆಮೇಲೆ `-ಕೆ ರೀಕಾನ್ಫಿಗರ್`.

ಹುಡುಗರೇ, ನಿಮಗೆ ಇನ್ನೊಂದು ಸಾಲು ಬೇಕಾಗುತ್ತದೆ. ಪ್ಯಾಕೇಜ್ ಫೈಲಿನ ಹೆಸರಿನಲ್ಲೇ ಆವೃತ್ತಿಯ ಸಂಖ್ಯೆ ಇರುತ್ತದೆ, ಅದು ಬದಲಾಗುವುದಿಲ್ಲ. ಹಾಗಾಗಿ .ಡೆಬ್ ಎಂದು ಮುಗಿಯುವ ಫೈಲುಗಳಿಗೆ ರಿಫ್ರೆಶ್_ಪ್ಯಾಟರ್ನ್‌ನಲ್ಲಿ ‘129600 100% 129600’ ಕೊಡಿ. ನಿಮಿಷದ ಲೆಕ್ಕ, 90 ದಿನ. ಯಾವ ಪ್ಯಾಕೇಜ್ ಎಲ್ಲಿದೆ ಅಂತ ಹೇಳುವ ಇಂಡೆಕ್ಸ್ ಫೈಲುಗಳಿಗೆ ಮಾತ್ರ ಇದನ್ನು ಕೊಡಬೇಡಿ. ಅವುಗಳ ಹೆಸರು ಹಾಗೇ ಇದ್ದು ಒಳಗಿನದು ಬದಲಾಗುತ್ತದೆ. ಮೊದಲು ಹೊಂದಿದ ನಿಯಮವೇ ಗೆಲ್ಲುವುದು. ಆದ್ದರಿಂದ ಈ ಸಾಲು ಆ ಚುಕ್ಕಿ ಇರುವ ಮಾಮೂಲಿ ಸಾಲಿಗಿಂತ ಮೇಲಿರಲಿ.

ಬಿಟ್‌ಬುಟ್ಟಿ (ಸೋಮವಾರ, ಬೆಳಿಗ್ಗೆ 8:15)

ವೇಗ ಅಳೆಯೋಕೆ `ಎಬಿ` (ಒಂದೇ ವಿಳಾಸವನ್ನು ಬೇಕಾದಷ್ಟು ಸಲ ಕೇಳುವ ಸಾಧನ) ಒಳ್ಳೇದು. ದೊಡ್ಡಕ್ಷರದ -ಎಕ್ಸ್ ಕೊಟ್ಟರೆ ಪ್ರಾಕ್ಸಿ ಮೂಲಕ ಹೋಗುತ್ತೆ. ನಾನು ಒಂದೇ ವಿಳಾಸಕ್ಕೆ ಸಾವಿರ ಸಲ ಹೊಡೆದೆ, 999 ಹಿಟ್!

ಹಳೇಕೀಬೋರ್ಡ್ (ಸೋಮವಾರ, ಬೆಳಿಗ್ಗೆ 8:40)

ಒಂದೇ ಪ್ರಶ್ನೆ ಸಾವಿರ ಸಲ ಕೇಳಿದರೆ ದಡ್ಡನೂ ರ‍್ಯಾಂಕ್ ಬರುತ್ತಾನೆ. ಪೋರ್ಟ್ ಎಷ್ಟು ಹೊರೆ ತಡೆಯುತ್ತದೆ ಅಂತ ತಿಳಿಯಲು ಅದು ಸರಿ, ಕ್ಯಾಶ್ ಉಪಯೋಗಕ್ಕೆ ಬಂತಾ ಅಂತ ತಿಳಿಯಲು ಅಲ್ಲ. ಅದಕ್ಕೆ ಒಂದು ದಿನ ನಿಜವಾದ ಕೆಲಸಕ್ಕೆ ಬಿಟ್ಟು, ಆ ಯಂತ್ರದಲ್ಲೇ ಕೂತು ಇದನ್ನು ಕೇಳಿ (ಪ್ರಾಕ್ಸಿ ಹಾಕದೆ, ನೇರ):

`ಕರ್ಲ್ ಎಚ್‌ಟಿಟಿಪಿ://ಲೋಕಲ್‌ಹೋಸ್ಟ್:3128/ಸ್ಕ್ವಿಡ್-ಇಂಟರ್ನಲ್-ಎಂಜಿಆರ್/ಇನ್ಫೋ`

ಹಳಬರು ಇದಕ್ಕೆ ‘ಸ್ಕ್ವಿಡ್‌ಕ್ಲೈಂಟ್’ ಬಳಸುತ್ತಿದ್ದೆವು. 7ನೇ ಆವೃತ್ತಿಯಲ್ಲಿ ಅದನ್ನು ತೆಗೆದುಬಿಟ್ಟಿದ್ದಾರೆ. ನನಗೆ ಸ್ವಲ್ಪ ಬೇಜಾರೇ, ಬೆರಳಿಗೆ ಅಭ್ಯಾಸವಾಗಿತ್ತು. ಬರುವ ಪಟ್ಟಿಯಲ್ಲಿ ಎರಡು ಸಾಲು ನೋಡಿ: ವಿನಂತಿಗಳಲ್ಲಿ ಎಷ್ಟು ಶೇಕಡ ಹಿಟ್, ಬೈಟ್‌ಗಳಲ್ಲಿ ಎಷ್ಟು ಶೇಕಡ ಹಿಟ್. ಹುಡುಗನಿಗೆ ಎರಡನೆಯದೇ ಮುಖ್ಯ. ನೂರು ಚಿಕ್ಕ ಐಕಾನ್ ಉಳಿಸಿ, 60 ಎಂಬಿ ಫೈಲನ್ನು ಹದಿನೈದು ಸಲ ತರಿಸಿದರೆ ಏನು ಬಂತು?

ಟರ್ಮಿನಲ್_ಹುಡುಗ (ಬುಧವಾರ, ಬೆಳಿಗ್ಗೆ 9:12)

ಚೌನ್ ಆಯಿತು, -ಝಡ್ ಆಯಿತು, 60 ಎಂಬಿ ಪ್ಯಾಕೇಜಿಗೆ ‘ಟಿಸಿಪಿ_ಹಿಟ್’ ಬಂತು. ನಿನ್ನೆ ರಾತ್ರಿ ಹದಿನೈದೂ ಯಂತ್ರಗಳಿಗೆ ಪ್ರಾಕ್ಸಿ ಕೊಟ್ಟು ಮಲಗಿದೆ. ಬೆಳಿಗ್ಗೆ ಲಾಗ್ ನೋಡಿದರೆ ಅದೇ ಫೈಲಿಗೆ ನಾಲ್ಕು ಮಿಸ್, ಹನ್ನೊಂದು ಹಿಟ್. ನಾಲ್ಕೂ ಒಂದೇ ಸೆಕೆಂಡಿನಲ್ಲಿ ಬಂದಿವೆ. ಕ್ರಾನ್‌ನಲ್ಲಿ (ಹೊತ್ತಿಗೆ ಸರಿಯಾಗಿ ಕೆಲಸ ಶುರು ಮಾಡುವ ಪ್ರೋಗ್ರಾಂ) ಎಲ್ಲದಕ್ಕೂ ರಾತ್ರಿ 2:00 ಅಂತ ಇಟ್ಟಿದ್ದೆ.

ರಾತ್ರಿಪಾಳಿ (ಬುಧವಾರ, ಬೆಳಿಗ್ಗೆ 9:50)

ಮೊದಲನೆಯದಕ್ಕೆ ಮೂಲ ಸರ್ವರ್‌ನಿಂದ ಹೆಡರ್ ಬರುವ ಮೊದಲೇ ಇನ್ನು ಮೂರು ಬಾಗಿಲು ತಟ್ಟಿವೆ. ಆ ಹೊತ್ತಿನಲ್ಲಿ ಸ್ಕ್ವಿಡ್‌ಗೆ ಇದು ಎತ್ತಿಡುವ ಸರಕೋ ಅಲ್ಲವೋ ಗೊತ್ತಿಲ್ಲ, ಅದಕ್ಕೇ ನಾಲ್ಕನ್ನೂ ಹೊರಗೆ ಕಳಿಸಿದೆ. ‘ಕೊಲ್ಯಾಪ್ಸ್ಡ್_ಫಾರ್ವರ್ಡಿಂಗ್ ಆನ್’ ಅಂತ ಹಾಕಿದರೆ ಉಳಿದವನ್ನು ಸಾಲಿನಲ್ಲಿ ನಿಲ್ಲಿಸುತ್ತದೆ. ಮಾಮೂಲಾಗಿ ಅದು ಆಫ್ ಇರುತ್ತದೆ. ಆದರೆ ನಾನಾದರೆ ಮೊದಲು ಕ್ರಾನ್ ಸರಿ ಮಾಡುತ್ತೇನೆ. ಪ್ರತಿ ಯಂತ್ರವೂ ಹತ್ತು ನಿಮಿಷದೊಳಗೆ ಎಷ್ಟೋ ಒಂದಷ್ಟು ಹೊತ್ತು ಸ್ಲೀಪ್ ಮಾಡಿ ಶುರುವಾಗಲಿ.

ಟರ್ಮಿನಲ್_ಹುಡುಗ (ಗುರುವಾರ, ಬೆಳಿಗ್ಗೆ 7:30)

ಸ್ಲೀಪ್ ಹಾಕಿದೆ. ಒಂದು ಮಿಸ್, ಹದಿನಾಲ್ಕು ಹಿಟ್.

ಸುಮ್ನೆ_ಓದುಗ (ಗುರುವಾರ, ಬೆಳಿಗ್ಗೆ 7:41)

ಯಂತ್ರಗಳಿಗೆ ಸ್ಲೀಪ್ ಸಿಕ್ಕಿತು. ನಿಮಗೆ ನಿದ್ದೆ ಬಂತಾ?